ಯಾರೂ ನೋಡದ ಜಾಗ

ನಾಸಿಕ್‌ಗೆ ಬಂದು ಇಪ್ಪತ್ತೆಂಟು ವರ್ಷವಾಯ್ತು. ಶರಣಪುರ ರಸ್ತೆಯಲ್ಲಿ ದಿನಾ ಓಡಾಡ್ತೀನಿ. ಗುಲಾಮರ ಹಡಗುಗಳಿಂದ ಬಿಡಿಸಿದ ಆಫ್ರಿಕಾದ ಮಕ್ಕಳು 19ನೇ ಶತಮಾನದಲ್ಲಿ ಇಲ್ಲಿನ ಮಿಷನ್ ಶಾಲೆಯಲ್ಲಿ ಓದಿದ್ದರು ಅಂತ ಗೊತ್ತಾಗಿದ್ದು ಮಾತ್ರ ಇತ್ತೀಚೆಗೆ.

ಅವರಲ್ಲೊಬ್ಬ ಜೇಕಬ್ ವೈನ್‌ರೈಟ್. 1873ರ ಮೇ ತಿಂಗಳಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಇಂದಿನ ಜಾಂಬಿಯಾದ ಹಳ್ಳಿಯೊಂದರಲ್ಲಿ ತೀರಿಕೊಂಡಾಗ ಜೊತೆಗಿದ್ದವರು ಆಫ್ರಿಕಾದ ಆಳುಗಳು ಮಾತ್ರ. ಪೆಟ್ಟಿಗೆಗಳನ್ನು ಹಂಚಿಕೊಂಡು ಹೋಗಿದ್ದರೆ ಕೇಳೋರೇ ಇರಲಿಲ್ಲ. ಅವರು ಎಲ್ಲರೆದುರು ಪೆಟ್ಟಿಗೆ ತೆರೆದರು. ಬರೆಯಲು ಬಲ್ಲ ಜೇಕಬ್ ಪಟ್ಟಿ ಮಾಡಿದ. ಆಮೇಲೆ ಶವವನ್ನು ತಿಂಗಳುಗಟ್ಟಲೆ ಹೊತ್ತು, 1874ರಲ್ಲಿ ಕರಾವಳಿ ಮುಟ್ಟಿಸಿದರು.

ದೇವರ ಕಣ್ಣಿಂದ ತಪ್ಪಿಸಿಕೊಳ್ಳುವ ಜಾಗವೇ ಇಲ್ಲ ಅನ್ನುತ್ತೆ ಬೈಬಲ್ಲಿನ 139ನೇ ಕೀರ್ತನೆ. ಕನಕದಾಸರ ಬಾಳೆಹಣ್ಣಿನ ಕಥೆ ಕೇಳಿ ಬೆಳೆದ ನಮಗೆ ಇದೇನು ಹೊಸದಲ್ಲ. ಆದರೂ ನನ್ನ ಕಥೆ ಕೇಳಿ. ಛತ್ರಪತಿ ಸಂಭಾಜಿನಗರಕ್ಕೆ, ಅಂದರೆ ಹಳೇ ಔರಂಗಾಬಾದ್‌ಗೆ, ಆಫೀಸ್ ಕೆಲಸಕ್ಕೆ ಹೋಗೋದು ಎಸ್‌ಟಿ ಬಸ್ಸಲ್ಲಿ, ಬಿಲ್ ಕೊಡೋದು ಟ್ಯಾಕ್ಸಿಗೆ. ಎಷ್ಟೋ ವರ್ಷ ಹೀಗೇ ನಡೀತು. 'ಎಲ್ಲರೂ ಮಾಡ್ತಾರೆ ಬಿಡು' ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

ಈಗ ಗಲ್ಲಿಗಲ್ಲಿಗೂ ಕ್ಯಾಮೆರಾ ಇದೆ. ಅದು ಕಾಣದ ಮೂಲೆಗೆ ಹೋದರೆ ಅದರ ಭಯ ಮುಗೀತು. ದೇವರಿದ್ದಾನೆ ಅಂತ ನಂಬಿದವನಿಗೆ ಅಂಥ ಮೂಲೆ ಸಿಗೋದಿಲ್ಲ. ಹಾಗಂತ ಬಾಯಲ್ಲಿ ಹೇಳೋದು ಸುಲಭ, ಬಿಲ್ ಬರೆಯುವಾಗ ನೆನಪಾಗೋದೇ ಕಷ್ಟ.

ಹೋದ ತಿಂಗಳು ಬಸ್ ಟಿಕೆಟ್ಟನ್ನೇ ಅಂಟಿಸಿ ಕೊಟ್ಟೆ. ಹಳೆಯ ದುಡ್ಡಿನ ಲೆಕ್ಕ ಇನ್ನೂ ಬಾಕಿ ಇದೆ. ನಿಮ್ಮದು?