ಏಳು ದಿನಗಳಲ್ಲಿ ಹುಟ್ಟಿದ ಒಪ್ಪಿಗೆ: ‘ಅಂದ ೭ ನಾಟ್ಕಳ್’ ಚಿತ್ರದ ನಗೆ ಮತ್ತು ತಾಳಿ

ಹಿರಿಯರು ನಿಶ್ಚಯಿಸಿದ ಮದುವೆಯನ್ನು ವಸ್ತುವಾಗಿಸಿಕೊಂಡ ತಮಿಳು ಚಿತ್ರಗಳಲ್ಲಿ ಕೆ. ಭಾಗ್ಯರಾಜ್ ನಿರ್ದೇಶಿಸಿ ನಟಿಸಿದ ‘ಅಂದ ೭ ನಾಟ್ಕಳ್’ (ಆ ಏಳು ದಿನಗಳು, ೧೯೮೧) ಬಹುಚರ್ಚಿತವಾದುದು. ಚರ್ಚೆಯೆಲ್ಲ ಅದರ ಮುಕ್ತಾಯದ ಸುತ್ತಲೇ ನಡೆಯುತ್ತದೆ. ಕೊನೆಗೆ ತಾಳಿ ಗೆದ್ದಿತೆಂದು ಮೆಚ್ಚುವವರಿಗೂ, ಹೆಣ್ಣು ಸೋತಳೆಂದು ಆಕ್ಷೇಪಿಸುವವರಿಗೂ ಆಧಾರ ಅದೊಂದೇ ದೃಶ್ಯ. ಆದರೆ ಆ ದೃಶ್ಯ ಪ್ರೇಕ್ಷಕರಿಗೆ ಒಪ್ಪಿತವಾಗುವಂತೆ ನೆಲ ಹದಮಾಡಿರುವುದು ಅದಕ್ಕೂ ಹಿಂದಿನ ನಗೆ. ಈ ಚಿತ್ರದ ಹಾಸ್ಯವನ್ನು ಮನರಂಜನೆಯ ಒಗ್ಗರಣೆಯೆಂದು ಬದಿಗಿಟ್ಟು ಅದರ ವೈವಾಹಿಕ ನೀತಿಯನ್ನು ಮಾತ್ರ ಚರ್ಚಿಸುವ ಕ್ರಮ ಆದ್ದರಿಂದ ಸಾಲದು.

ಕಥೆ ಸರಳವಾದುದು. ವಿಧುರನಾದ ವೈದ್ಯ ಆನಂದ್ (ರಾಜೇಶ್) ಸಾವಿನಂಚಿನಲ್ಲಿರುವ ತಾಯಿಯ ಆಸೆಗೆ ಕಟ್ಟುಬಿದ್ದು ವಸಂತಿಯನ್ನು (ಅಂಬಿಕಾ) ಮದುವೆಯಾಗುತ್ತಾನೆ. ಮೊದಲ ರಾತ್ರಿಯೇ ಆಕೆ ಆತ್ಮಹತ್ಯೆಗೆ ಯತ್ನಿಸುತ್ತಾಳೆ. ಬದುಕುಳಿದ ಮೇಲೆ ಹಿಂದಿನ ಸಂಗತಿ ಹೊರಬೀಳುತ್ತದೆ. ಸಿನಿಮಾ ಸಂಗೀತ ನಿರ್ದೇಶಕನಾಗುವ ಹಂಬಲದಿಂದ ಹಾರ್ಮೋನಿಯಂ ಹೊತ್ತು ಬಂದು, ಅವಳ ಮನೆಯಲ್ಲೇ ಬಾಡಿಗೆಗಿದ್ದ ಪಾಲಕ್ಕಾಡ್ ಮಾಧವನ್‌ನನ್ನು (ಭಾಗ್ಯರಾಜ್) ಆಕೆ ಪ್ರೀತಿಸಿದ್ದಳು. ಮನೆಯವರು ಅದನ್ನು ಮುರಿದು ಬಲವಂತವಾಗಿ ಈ ಮದುವೆ ಮಾಡಿದ್ದರು. ತಾಯಿ ಇನ್ನು ಒಂದು ವಾರ ಬದುಕಿಯಾಳು, ಅಲ್ಲಿಯವರೆಗೆ ಸೊಸೆಯಾಗಿ ಈ ಮನೆಯಲ್ಲಿರು, ಆಮೇಲೆ ನಾನೇ ನಿನ್ನನ್ನು ಅವನಿಗೆ ಒಪ್ಪಿಸುತ್ತೇನೆ ಎಂದು ಆನಂದ್ ಮಾತು ಕೊಡುತ್ತಾನೆ. ಶೀರ್ಷಿಕೆಯ ಏಳು ದಿನಗಳು ಇವೇ.

ಈ ಕಥೆಯಲ್ಲಿ ನಗೆ ಯಾರ ಪಾಲಿಗೆ ಬಂದಿದೆ ಎಂಬುದು ಮುಖ್ಯ ಪ್ರಶ್ನೆ. ಚಿತ್ರದ ಹಾಸ್ಯವೆಲ್ಲ ಮಾಧವನ್ ಮತ್ತು ಅವನ ಸಹಾಯಕ ಹುಡುಗ ಗೋಪಿಯ (ಹಾಜಾ ಷರೀಫ್) ಸುತ್ತ ಹೆಣೆದುಕೊಂಡಿದೆ. ಮಲಯಾಳ ಬೆರೆತ ಅವನ ತಮಿಳು, ಬಡತನ, ಮುಗ್ಧತೆ, ಅಂಜುಬುರುಕತನ ಇವೆಲ್ಲ ನಗೆಯ ಸಾಮಗ್ರಿ. ಆನಂದನ ಮನೆಯಲ್ಲಾದರೋ ಗಾಂಭೀರ್ಯ, ಕಾಯಿಲೆ, ಕರ್ತವ್ಯ. ಪ್ರೀತಿಗೆ ಹಾಸ್ಯದ ಧಾಟಿಯೂ ಮದುವೆಗೆ ಗಂಭೀರ ಧಾಟಿಯೂ ಹಂಚಿಕೆಯಾದಾಗಲೇ ಅರ್ಧ ತೀರ್ಪು ಬಂದಂತಾಯಿತು. ನಕ್ಕು ಹಗುರಾದ ಪ್ರೇಕ್ಷಕ ಪ್ರೇಮಿಯನ್ನು ಮೆಚ್ಚುತ್ತಾನೆ, ಅವನಿಗಾಗಿ ಮರುಗುತ್ತಾನೆ. ಅವನಿಗೆ ಒಂದು ಹಕ್ಕು ಇದೆಯೆಂದು ಮಾತ್ರ ಭಾವಿಸುವುದಿಲ್ಲ. ಮನೆಯವರ ವಿರೋಧದ ಸಾಮಾಜಿಕ ಕಾರಣಗಳನ್ನು ಬಿಡಿಸಿ ಹೇಳಬೇಕಾದ ಹೊಣೆಯಿಂದಲೂ ಭಾಷಾಹಾಸ್ಯ ಚಿತ್ರವನ್ನು ಪಾರುಮಾಡುತ್ತದೆ. ಅವನು ಹೊರಗಿನವನು ಎಂಬುದು ಅವನ ಮಾತಿನಿಂದಲೇ ಸಿದ್ಧವಾಗಿಬಿಡುತ್ತದೆ.

ಕನ್ನಡದಲ್ಲಿ ಮದುವೆಯ ಪ್ರಹಸನ ಹುಟ್ಟಿದ್ದು ಇದಕ್ಕೆ ವ್ಯತಿರಿಕ್ತವಾದ ದಿಕ್ಕಿನಿಂದ ಎಂಬುದನ್ನು ಇಲ್ಲಿ ನೆನೆಯಬಹುದು. ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ (೧೮೮೭) ಕನ್ಯಾವಿಕ್ರಯವನ್ನು ಹವ್ಯಕರ ಆಡುಮಾತಿನಲ್ಲೇ ಗೇಲಿ ಮಾಡಿತು. ಅಲ್ಲಿ ನಗೆ ಬೀಳುವುದು ಮದುವೆಯನ್ನು ವ್ಯವಹಾರವಾಗಿಸಿದ ವ್ಯವಸ್ಥೆಯ ಮೇಲೆ. ಭಾಗ್ಯರಾಜರ ಚಿತ್ರದಲ್ಲಿ ನಗೆ ಅಲ್ಲಿಂದ ಸರಿದು, ಆ ವ್ಯವಸ್ಥೆಯಿಂದ ಪೆಟ್ಟು ತಿಂದವನ ಕಡೆಗೆ ಬಂದಿದೆ. ನಾಟಕವನ್ನೂ ಚಲನಚಿತ್ರವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬ ಆಕ್ಷೇಪ ಸರಿಯೇ. ಆದರೂ ಹಾಸ್ಯದ ಗುರಿ ಬದಲಾದಾಗ ವಿಮರ್ಶೆಯ ಗುರಿಯೂ ಬದಲಾಗುತ್ತದೆ ಎಂಬುದಕ್ಕೆ ಎರಡರಲ್ಲೂ ಸಾಕ್ಷಿಯಿದೆ.

ಕಾನೂನಿನ ಕಡೆಯಿಂದ ನೋಡಿದರೆ ಆ ಏಳು ದಿನಗಳಿಗೆ ಬೇರೆಯದೇ ಅರ್ಥ ಒದಗುತ್ತದೆ. ೧೯೫೫ರ ಹಿಂದೂ ವಿವಾಹ ಕಾಯಿದೆಯ ೧೨ನೆಯ ಕಲಮಿನ ಪ್ರಕಾರ ಬಲವಂತದಿಂದ ಒಪ್ಪಿಗೆ ಪಡೆದ ಮದುವೆಯನ್ನು ನ್ಯಾಯಾಲಯ ರದ್ದುಪಡಿಸಬಹುದು. ಬಲವಂತ ನಿಂತ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಬಲವಂತ ನಿಂತ ಮೇಲೆಯೂ ಪೂರ್ಣ ಒಪ್ಪಿಗೆಯಿಂದ ಸಂಗಾತಿಯೊಡನೆ ಬಾಳಿದ್ದರೆ ಆ ಅವಕಾಶ ಇಲ್ಲವಾಗುತ್ತದೆ. ವಸಂತಿಗೆ ಈ ದಾರಿ ತೆರೆದಿತ್ತು. ಚಿತ್ರ ಅದರತ್ತ ತಿರುಗುವುದಿಲ್ಲ. ಜನಪ್ರಿಯ ಚಿತ್ರವೊಂದರಿಂದ ಅದನ್ನು ನಿರೀಕ್ಷಿಸುವುದೂ ಅತಿಯಾದೀತು. ಆದರೆ ಕಾಯಿದೆಯ ಕೊನೆಯ ಷರತ್ತು ಯಾವ ಪ್ರಶ್ನೆಯನ್ನು ಎತ್ತುತ್ತದೆಯೋ ಚಿತ್ರದ ಕಥನ ನಿಂತಿರುವುದೂ ಅದರ ಮೇಲೆಯೇ. ಸಾಯುತ್ತಿರುವ ಅತ್ತೆಯ ಆರೈಕೆ, ತಾಯಿಯಿಲ್ಲದ ಮಗುವಿನ ಅಕ್ಕರೆ, ಗಂಡನ ಸಭ್ಯತೆಗೆ ತೋರುವ ಗೌರವ ಇವುಗಳಿಂದ ಹಿಂದಿನ ಬಲವಂತ ಒಪ್ಪಿಗೆಯಾಗಿ ಮಾರ್ಪಡುತ್ತದೆಯೇ? ಆಗುತ್ತದೆ ಎಂಬುದು ಚಿತ್ರದ ಉತ್ತರ. ಮನೆಯೊಳಗಿನ ಕೆಲಸ ಮತ್ತು ಕರುಣೆಯನ್ನು ದಾಂಪತ್ಯದ ಸಮ್ಮತಿಯೆಂದು ಓದುವ ಈ ಕ್ರಮ ಒಪ್ಪತಕ್ಕದ್ದಲ್ಲ. ರೋಗಿಯೊಬ್ಬಳಿಗೆ ಗಂಜಿ ಕುಡಿಸುವುದಕ್ಕೂ ಅವಳ ಮಗನ ಹೆಂಡತಿಯಾಗಿರಲು ಒಪ್ಪುವುದಕ್ಕೂ ಸಂಬಂಧವಿಲ್ಲ. ಆನಂದ್ ದುಷ್ಟನಾಗಿದ್ದರೆ ಪ್ರೇಕ್ಷಕನಿಗೆ ಇದು ಸುಲಭವಾಗಿ ಹೊಳೆಯುತ್ತಿತ್ತು. ಅವನ ಒಳ್ಳೆಯತನವೇ ಮದುವೆ ಮಾಡಿದವರ ತಪ್ಪಿಗೆ ಮರೆಯಾಗಿ ನಿಲ್ಲುತ್ತದೆ.

ಇದೆಲ್ಲ ನಡೆದದ್ದು ತಮಿಳುನಾಡಿನಲ್ಲಿ ಎಂಬುದು ಇನ್ನಷ್ಟು ಕುತೂಹಲಕರ. ಪೆರಿಯಾರ್ ಅವರ ಸ್ವಾಭಿಮಾನ ಚಳವಳಿ ಪುರೋಹಿತರಿಲ್ಲದ ಮದುವೆಗಳನ್ನು ನಡೆಸಿ, ತಾಳಿಯನ್ನು ಹೆಣ್ಣಿನ ಅಧೀನತೆಯ ಗುರುತೆಂದು ಪ್ರಶ್ನಿಸಿದ ನೆಲವದು. ಅಣ್ಣಾದುರೈ ಸರ್ಕಾರ ತಂದ ೧೯೬೭ರ ತಿದ್ದುಪಡಿ ಅಂತಹ ಮದುವೆಗಳಿಗೆ ಮಾನ್ಯತೆ ಕೊಟ್ಟಿತು. ಅದರಡಿ ಹಾರ ಅಥವಾ ಉಂಗುರ ಬದಲಾಯಿಸಿಕೊಂಡರೂ ಸಾಕು, ತಾಳಿ ಕಟ್ಟುವುದು ಹಲವು ವಿಧಾನಗಳಲ್ಲಿ ಒಂದು ಮಾತ್ರ. ಶಾಸನದಲ್ಲಿ ಐಚ್ಛಿಕವಾದದ್ದು ಹದಿನಾಲ್ಕು ವರ್ಷಗಳ ನಂತರದ ಈ ಚಿತ್ರದಲ್ಲಿ ಅಂತಿಮ ಪ್ರಮಾಣವಾಗಿ ಮರಳುತ್ತದೆ. ರಾಜಕೀಯ ವೇದಿಕೆಯ ವಿಚಾರವಾದವೂ ಬೆಳ್ಳಿತೆರೆಯ ಭಾವಲೋಕವೂ ಒಂದೇ ಸಮಾಜದಲ್ಲಿ ಅಕ್ಕಪಕ್ಕ, ಪರಸ್ಪರ ಮುಟ್ಟದಂತೆ ಬಾಳಿದ ಬಗೆ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾಗಿದೆ.

ಮುಕ್ತಾಯದಲ್ಲಿ ಮಾಧವನ್ ಒಂದು ಷರತ್ತು ಒಡ್ಡುತ್ತಾನೆ. ಆನಂದ್ ಕಟ್ಟಿದ ತಾಳಿ ತೆಗೆದರೆ ವಸಂತಿಯನ್ನು ಕರೆದೊಯ್ಯುತ್ತೇನೆ. ತಾಳಿ ಕಳಚುವುದಿಲ್ಲ. ತನ್ನ ಪ್ರೇಯಸಿ ಮತ್ತೊಬ್ಬನ ಹೆಂಡತಿಯಾಗಬಹುದು, ಮತ್ತೊಬ್ಬನ ಹೆಂಡತಿ ತನ್ನ ಪ್ರೇಯಸಿಯಾಗಲಾರಳು ಎಂಬರ್ಥದ ಮಾತನ್ನಾಡಿ ಅವನು ಹೊರಡುತ್ತಾನೆ. ಅಷ್ಟುಹೊತ್ತು ನಗಿಸಿದವನ ಬಾಯಲ್ಲಿ ಬಂದುದರಿಂದಲೇ ಆ ಮಾತಿಗೆ ಆಪ್ತವಾಕ್ಯದ ತೂಕ ಬಂದಿದೆ. ಹಿರಿಯರೊಬ್ಬರು ಅದನ್ನೇ ಹೇಳಿದ್ದರೆ ಉಪದೇಶವಾಗುತ್ತಿತ್ತು. ಇದು ಕಥನಕೌಶಲವೆಂಬುದರಲ್ಲಿ ಅನುಮಾನವಿಲ್ಲ. ಆದರೆ ವಾದ ನಡೆಯುವುದು ಇಬ್ಬರು ಸಜ್ಜನ ಗಂಡಸರ ನಡುವೆ. ಒಬ್ಬ ಕೊಡಲು ಬಂದವನು, ಇನ್ನೊಬ್ಬ ಪಡೆಯಲು ಒಲ್ಲದವನು. ಯಾರ ಬದುಕಿನ ಮಾತೋ ಅವಳ ತರ್ಕ ಏನೆಂದು ಕೇಳಿಸುವುದಿಲ್ಲ. ಬಲವಂತ ಮಾಡಿದವರು ಉತ್ತರ ಹೇಳಬೇಕಾದ ಪ್ರಸಂಗವೂ ಒದಗುವುದಿಲ್ಲ.

ಚಿತ್ರ ತೆಲುಗಿನಲ್ಲಿ ‘ರಾಧಾ ಕಲ್ಯಾಣಂ’ (೧೯೮೧), ಹಿಂದಿಯಲ್ಲಿ ‘ವೋ ಸಾತ್ ದಿನ್’ (೧೯೮೩) ಆಯಿತು. ಕಾಶಿನಾಥ್ ನಟಿಸಿದ ಕನ್ನಡ ರೂಪದ ಹೆಸರು ‘ಲವ್ ಮಾಡಿ ನೋಡು’ (೧೯೮೯). ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯ ನೆರಳು ಈ ಹೆಸರಿನ ಮೇಲಿದೆ. ಗಾದೆ ಮದುವೆ ಮಾಡುವ ಹಿರಿಯರ ಕಷ್ಟವನ್ನು ಹೇಳಿದರೆ, ಶೀರ್ಷಿಕೆ ಪ್ರೀತಿಸುವವರಿಗೆ ಸವಾಲೆಸೆಯುತ್ತದೆ. ಏಳು ದಿನಗಳ ಗಡುವು ಹೆಸರಿನಿಂದ ಮಾಯವಾಗಿ, ಪ್ರೀತಿಯ ಪಾಡಷ್ಟೇ ಉಳಿದಿದೆ. ತಮಿಳು ಮೂಲದ ನಗೆ ಯಾವ ಕಡೆಗೆ ವಾಲಿತ್ತೆಂಬುದನ್ನು ಕನ್ನಡದ ಶೀರ್ಷಿಕೆ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದೆ.

ತಮಿಳಿನಲ್ಲೇ ಐದು ವರ್ಷಗಳ ನಂತರ ಬಂದ ಮಣಿರತ್ನಂ ಅವರ ‘ಮೌನ ರಾಗಂ’ (೧೯೮೬) ಇದೇ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡಿತು. ಏನು ಉಡುಗೊರೆ ಬೇಕೆಂದು ಗಂಡ ಕೇಳಿದಾಗ ದಿವ್ಯಾ ವಿವಾಹ ವಿಚ್ಛೇದನ ಬೇಕೆನ್ನುತ್ತಾಳೆ. ಇಬ್ಬರೂ ವಕೀಲರ ಬಳಿಗೆ ಹೋಗುತ್ತಾರೆ. ಒಂದು ವರ್ಷ ಕಾಯಬೇಕೆಂಬ ಕಾನೂನಿನ ಮಾತು ಕೇಳುತ್ತಾರೆ. ಅಲ್ಲಿಯೂ ಗಂಡ ಒಳ್ಳೆಯವನೇ, ಕೊನೆಗೆ ಮದುವೆಯೇ ಉಳಿಯುತ್ತದೆ. ಆದರೆ ಬೇಡವೆಂದವಳು ದಿವ್ಯಾ, ಕೊನೆಗೆ ಬೇಕೆಂದು ಹೇಳುವವಳೂ ಅವಳೇ.