ಮೈಕ್‌ನವರ ಭಾನುವಾರ
ಬೆಂಗಳೂರಿನ ಹಡ್ಸನ್ ಸ್ಮಾರಕ ಚರ್ಚ್ 1904ರದ್ದು. ಅಂಥ ಹಳೆಯ ಕಟ್ಟಡಗಳು ಮೈಕಿಲ್ಲದ ಕಾಲದವು. ಎತ್ತರದ ಚಾವಣಿ ಕೀರ್ತನೆಯನ್ನು ತುಂಬಿಕೊಡುತ್ತದೆ, ಪ್ರಸಂಗವನ್ನು ಕಲಸಿಬಿಡುತ್ತದೆ. ಇಂಥಲ್ಲಿ ಸೌಂಡ್ ನೋಡಿಕೊಳ್ಳುವ ಹುಡುಗರಿಗೆ ಸಂಬಳವಿಲ್ಲ, ಬೈಗುಳ ಮಾತ್ರ ಖಾತ್ರಿ. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 20 ಮೀಟರ್ ಹಿಂದಿನ ಬೆಂಚುಗಳಿಗೆಂದು ಇನ್ನೊಂದು ಸ್ಪೀಕರ್ ಇಟ್ಟರೆ ಅದನ್ನು 60 ಮಿಲಿಸೆಕೆಂಡಿನಷ್ಟು ತಡಮಾಡಿಸಬೇಕು, ಇಲ್ಲದಿದ್ದರೆ ಸಭಾಪಾಲಕರ ಮಾತು ಎರಡೆರಡಾಗಿ ಕೇಳುತ್ತದೆ. ‘ಕೇಳಿಸ್ತಿಲ್ಲ’ ಎಂದಾಗಲೆಲ್ಲ ವಾಲ್ಯೂಮ್ ಏರಿಸಿದರೆ ಮೈಕ್ ಕುಯ್ಯೋ ಎನ್ನುತ್ತದೆ, ಅಷ್ಟೆ. ಬಾಯಿಗೆ ಹತ್ತಿರ ಹಿಡಿಯಿರಿ ಎಂದು ಹಿರಿಯರಿಗೆ ಹೇಳುವವರು ಯಾರು? ಕೀರ್ತನೆಯ ಸಾಲು ತೋರಿಸುವ ಪರದೆಯದು ಇನ್ನೂ ದೊಡ್ಡ ರಗಳೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಕೀರ್ತನೆಯನ್ನು ಯೂನಿಕೋಡಿಗೆ ಪರಿವರ್ತಿಸದೆ ಹಾಕಿದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪರಿವರ್ತಿಸಿದರೂ ಒಂದೆರಡು ಒತ್ತಕ್ಷರ ಎಲ್ಲೋ ಜಾರಿರುತ್ತವೆ. ಶನಿವಾರ ರಾತ್ರಿಯೇ ಕೂತು ತಿದ್ದಬೇಕು. ಬಣ್ಣದ ಲೈಟು, ಹೊಗೆ ಯಂತ್ರ ನನಗಂತೂ ಬೇಡ. ಸತ್ಯವೇದ ಓದುವವರ ಮುಖಕ್ಕೂ ಪುಸ್ತಕಕ್ಕೂ ಬೆಳಕು ಬಿದ್ದರೆ ಸಾಕು. 2020ರ ಲಾಕ್‌ಡೌನ್‌ನಲ್ಲಿ ಮೊಬೈಲ್ ಹಿಡಿದು ಶುರುಮಾಡಿದ ನೇರ ಪ್ರಸಾರವನ್ನು ಹಲವು ಸಭೆಗಳು ಇನ್ನೂ ನಿಲ್ಲಿಸಿಲ್ಲ. ಹಾಸಿಗೆ ಹಿಡಿದ ಅಜ್ಜಿಯರು, ದುಬೈಯಲ್ಲಿರುವ ಮಕ್ಕಳು ನೋಡುತ್ತಾರಲ್ಲ. ಅವರಿಗೆ ವೇದಿಕೆಯ ಮೈಕುಗಳಷ್ಟೇ ಸಾಲದು, ಬೆಂಚಿನಲ್ಲಿ ಕೂತವರ ಹಾಡು ಹಿಡಿಯಲು ಬೇರೆಯೇ ಮೈಕ್ ಇಡಬೇಕು.