ಹುಳಿಯೂ ಕ್ಷಾರವೂ: ನಮ್ಮ ಹೆಣ್ಣುಮಕ್ಕಳಿಗೆ ಈ ಪಾಠವೇಕೆ?

ಪ್ರೌಢಶಾಲೆಯ ಪ್ರಯೋಗಶಾಲೆಯ ಮಾತು ಬಂದಾಗಲೆಲ್ಲ ಕೆಲವು ತಾಯ್ತಂದೆಗಳು ಒಂದು ಪ್ರಶ್ನೆಯನ್ನು ಕೇಳುವದುಂಟು: "ಆಮ್ಲ, ಪ್ರತ್ಯಾಮ್ಲಗಳ ವಿಷಯವು ಪರೀಕ್ಷೆಗೆ ಬೇಕಾದಷ್ಟು ಪುಸ್ತಕದಲ್ಲಿಯೇ ಇದೆಯಲ್ಲ, ಹೆಣ್ಣುಮಕ್ಕಳ ಕೈಗೆ ಆ ಸೀಸೆಗಳನ್ನು ಕೊಡುವದೇಕೆ?" ಈ ಪ್ರಶ್ನೆಯು ಮಕ್ಕಳ ಮೇಲಣ ಮಮತೆಯಿಂದ ಹುಟ್ಟಿದ್ದೆಂಬದನ್ನು ನಾವು ಬಲ್ಲೆವು. ಆದರೂ ನಮ್ಮ ಅಭಿಪ್ರಾಯವು ಬೇರೆಯಾಗಿರುವದರಿಂದ ಅದನ್ನು ವಿನಯಪೂರ್ವಕವಾಗಿ ಬಿನ್ನವಿಸುತ್ತೇವೆ.

ಈ ಪಾಠವು ನಮ್ಮ ಮನೆಗಳಿಗೆ ಹೊಸದಲ್ಲ. ಅರಸಿನದ ಕಲೆ ಬಿದ್ದ ಬಟ್ಟೆಗೆ ಸಾಬೂನು ಹಚ್ಚಿದರೆ ಕಲೆಯು ಕೆಂಪಾಗುವದನ್ನೂ, ನೀರಿನಲ್ಲಿ ಚೆನ್ನಾಗಿ ಜಾಲಿಸಿದರೆ ತಿರುಗಿ ಹಳದಿಯಾಗುವದನ್ನೂ ನೋಡದ ಗೃಹಿಣಿಯುಂಟೇ? ಅರಸಿನದ ನೀರಿಗೆ ಸುಣ್ಣ ಕದಡಿ ಓಕುಳಿಯನ್ನು ಮಾಡುವ ಅಜ್ಜಿಯು ಮಾಡುವದು ಕ್ಷಾರದ ಪರೀಕ್ಷೆಯನ್ನೇ. ಹುಣಿಸೇಹಣ್ಣಿನ ಟಾರ್ಟಾರಿಕ್ ಆಮ್ಲವು ತಾಮ್ರದ ಬಿಂದಿಗೆಯ ಕಿಲುಬನ್ನು ಕರಗಿಸುತ್ತದೆ. ಅದೇ ಗುಣದಿಂದಲೇ ಕಲಾಯಿ ಇಲ್ಲದ ಹಿತ್ತಾಳೆಯ ಪಾತ್ರೆಯಲ್ಲಿಟ್ಟ ಸಾರು ಕೆಡುತ್ತದೆ. ಸತ್ಯವೇದದ ಜ್ಞಾನೋಕ್ತಿಗಳ 25ನೆಯ ಅಧ್ಯಾಯದಲ್ಲಿಯೂ ಸೋಡಾದ ಮೇಲೆ ಹುಳಿಯನ್ನು ಹೊಯ್ಯುವ ಉಪಮಾನವೊಂದಿದೆ. ಕಣ್ಣಿಗೆ ಕಂಡ ಈ ಸಂಗತಿಗಳಿಗೆ ಕಾರಣವನ್ನು ಕೊಡುವದೇ ಶಾಸ್ತ್ರದ ಕೆಲಸ.

ಸ್ವೀಡನ್ ದೇಶದ ಅರ್ಹೇನಿಯಸ್ ಎಂಬವರು 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧಕ್ಕೆ ಪರೀಕ್ಷಕರು ಕೀಳು ದರ್ಜೆಯನ್ನೇ ಕೊಟ್ಟರು. ಆ ವಿಚಾರದಿಂದಲೇ ಬೆಳೆದ ಸಿದ್ಧಾಂತಕ್ಕೆ 1903ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ನೀರಿನಲ್ಲಿ ಜಲಜನಕದ ಅಯಾನನ್ನು ಬಿಡುವದು ಆಮ್ಲ, ಹೈಡ್ರಾಕ್ಸೈಡ್ ಅಯಾನನ್ನು ಬಿಡುವದು ಪ್ರತ್ಯಾಮ್ಲ, ಎರಡೂ ಕೂಡಿದರೆ ಲವಣವೂ ನೀರೂ ಆಗುತ್ತವೆ ಎಂಬದು ಅದರ ಸಾರಾಂಶ. ಆಮ್ಲತೆಯನ್ನು ಅಳೆಯುವ ಪಿಎಚ್ ಮಾನವನ್ನು ಕೋಪನ್‌ಹೇಗನ್ನಿನ ಸೋರೆನ್‌ಸನ್‌ರು 1909ರಲ್ಲಿ ರೂಪಿಸಿದರು. ಶುದ್ಧವಾದ ನೀರು 7. ನಿಂಬೆಯ ರಸ ಸುಮಾರು 2. ಸುಣ್ಣದ ತಿಳಿ 12ಕ್ಕೂ ಮೇಲೆ. ಒಂದೊಂದು ಮೆಟ್ಟಲಿಗೂ ಹತ್ತು ಪಟ್ಟು ವ್ಯತ್ಯಾಸವೆಂಬದನ್ನು ಮರೆಯಬಾರದು.

ಇಷ್ಟನ್ನು ನಮ್ಮ ಹುಡುಗಿಯರು ಬಾಯಿಪಾಠ ಒಪ್ಪಿಸಬಲ್ಲರು. ಆದರೆ ಬರಿಯ ಬಾಯಿಪಾಠವು ಅಪಾಯಕರವೆಂದೇ ನಾವು ಹೇಳುತ್ತೇವೆ. "ಆಮ್ಲವನ್ನು ಕ್ಷಾರವು ಶಮನಗೊಳಿಸುತ್ತದೆ" ಎಂದು ಗಟ್ಟಿಮಾಡಿದವಳು, ಆಸಿಡ್ ಬಿದ್ದ ಕೈಗೆ ಸೋಡಾವನ್ನೋ ಸುಣ್ಣವನ್ನೋ ಹಚ್ಚಲು ಓಡಿದರೆ ಆಶ್ಚರ್ಯವೇನು? ಅವೆರಡೂ ಕೂಡುವಾಗ ಶಾಖವು ಹುಟ್ಟುತ್ತದೆಂಬದನ್ನು ಅವಳು ಪ್ರನಾಳವನ್ನು ಕೈಯಲ್ಲಿ ಹಿಡಿದು ಅರಿತಿಲ್ಲ. ಮಾಡತಕ್ಕದ್ದೇನೆಂದರೆ, ಆಸಿಡ್ ತಾಗಿದ ಬಟ್ಟೆಯನ್ನು ತೆಗೆದು, ಹರಿಯುವ ನೀರಿನಿಂದ ಕನಿಷ್ಠ 20 ನಿಮಿಷ ತೊಳೆಯುವದು. ನುಂಗಿದವರಿಗೆ ವಾಂತಿ ಮಾಡಿಸದೆ, ಸೋಡಾ ಕುಡಿಸದೆ, ತಕ್ಷಣವೇ ಆಸ್ಪತ್ರೆಗೆ ಒಯ್ಯುವದು.

ಇನ್ನೊಂದು ತಪ್ಪು ತಿಳುವಳಿಕೆಯೂ ಉಂಟು. ಆಸಿಡ್ ಎಂದರೆ ಬೆಚ್ಚುವ ತಾಯಂದಿರು ಎಲೆಯಡಿಕೆಯ ಸುಣ್ಣದ ಪೊಟ್ಟಣವನ್ನು ಮಗುವಿನ ಆಟಕ್ಕೆ ಬಿಟ್ಟುಬಿಡುತ್ತಾರೆ. ಆ ಪೊಟ್ಟಣವು ಒಡೆದು ಸುಣ್ಣವು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಯಾಕಂದರೆ ಬಲವಾದ ಕ್ಷಾರವು ಆಮ್ಲಕ್ಕಿಂತಲೂ ಆಳವಾಗಿ ಕಣ್ಣಿನೊಳಗೆ ಇಳಿಯುತ್ತದೆ. ಪಾಯಿಖಾನೆ ತೊಳೆಯುವ ಆಸಿಡ್ಡಿಗೆ ಬ್ಲೀಚಿಂಗ್ ಪೌಡರನ್ನು ಬೆರಸಿದರೆ ಹೊರಡುವದು ಕ್ಲೋರಿನ್ ಅನಿಲ. 1915ರ ಏಪ್ರಿಲ್ 22ರಂದು ಈಪ್ರ್ ಎಂಬ ಊರಿನ ಬಳಿ ಸೈನಿಕರ ಮೇಲೆ ಬಿಟ್ಟದ್ದೂ ಅದನ್ನೇ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಇದು ಆಗಬಹುದೆಂದು ಎಷ್ಟು ಮನೆಗಳಲ್ಲಿ ಬಲ್ಲರು? ಶರಬತ್ತಿನ ಹಳೆಯ ಸೀಸೆಯಲ್ಲಿ ಆಸಿಡ್ ತುಂಬಿಡುವ ಪದ್ಧತಿಯಂತೂ ಈ ದಿನವೇ ನಿಲ್ಲತಕ್ಕದ್ದು.

ಹೆಂಗಸರ ಮುಖಕ್ಕೆ ಆಸಿಡ್ ಎರಚುವ ಕ್ರೌರ್ಯವನ್ನು ಕಂಡು, ಗುರುತಿನ ಚೀಟಿಯನ್ನು ತೋರಿಸದವರಿಗೂ 18 ವರುಷ ತುಂಬದವರಿಗೂ ಅದನ್ನು ಮಾರಬಾರದೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಅಪ್ಪಣೆ ಮಾಡಿತು. ಇದು ಅತ್ಯವಶ್ಯಕವೇ ಸರಿ. ಆದರೆ ಕಾನೂನು ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತದೆ. ಮನೆಯೊಳಗೆ ಕಾಯುವದು ತಿಳುವಳಿಕೆಯೊಂದೇ. ಪಕ್ಕದಲ್ಲಿದ್ದವಳು ಕೂಡಲೇ ನೀರು ಸುರಿದರೆ ಒಂದು ಕಣ್ಣಾದರೂ ಉಳಿದೀತು.

ಪ್ರಯೋಗಶಾಲೆಯಲ್ಲಿಯೂ ಅಪಾಯವಿಲ್ಲವೇ ಎಂದು ಕೇಳಬಹುದು. ಉಂಟು, ಆದುದರಿಂದಲೇ ಅಲ್ಲಿ ನೀರು ಬೆರಸಿ ತೆಳುವಾಗಿಸಿದ ದ್ರಾವಣ, ಕಣ್ಣಿಗೆ ಕನ್ನಡಕ, ಮಗ್ಗುಲಲ್ಲಿ ಉಪಾಧ್ಯಾಯಿನಿ ಇರತಕ್ಕದ್ದು. ಆಮ್ಲವನ್ನು ನೀರಿಗೆ ಮೆಲ್ಲಗೆ ಸೇರಿಸಬೇಕು, ನೀರನ್ನು ಆಮ್ಲಕ್ಕೆ ಸುರಿಯಬಾರದು ಎಂಬ ನಿಯಮವನ್ನು ಕೈಯು ಒಮ್ಮೆ ಕಲಿತರೆ ಮರೆಯದು. ಜಾಗ್ರತೆಯ ಶಿಕ್ಷಣವು ಅಪಾಯವೇ ಇಲ್ಲದ ಕಡೆ ದೊರೆಯುವದೆಂತು?

ತಾಯ್ತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೇ: ಮಗಳು ಮನೆಗೆ ಬಂದು ಸೀಸೆಗಳಿಗೆ ಹೆಸರು ಬರೆದು ಅಂಟಿಸಿದರೆ, ಸುಣ್ಣದ ಪೊಟ್ಟಣವನ್ನು ಎತ್ತರದಲ್ಲಿಟ್ಟರೆ, ಅವಳನ್ನು ನಗಬೇಡಿರಿ. ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೇ, ನೀವೂ ಈ ಪಾಠವನ್ನು ನಿಮ್ಮ ಕೇರಿಯ ನಾಲ್ಕು ಮನೆಗಳಿಗೆ ಮುಟ್ಟಿಸಿರಿ. ಒಂದು ಮಗುವಿನ ಕಣ್ಣು ಉಳಿದರೂ ನಮ್ಮ ಶಾಲೆಯ ಶ್ರಮವು ಸಾರ್ಥಕವಾದಂತೆಯೇ.